ಕರ್ತವ್ಯ ಮೊದಲು, ಸರಿ. ಆದರೆ ಯಾರ ಕರ್ತವ್ಯ?

ನವೆಂಬರ್ 26 ಬಂತು ಅಂದರೆ ಸಂವಿಧಾನ ದಿನದ ಶುಭಾಶಯಗಳ ಜೊತೆಗೆ ಇನ್ನೊಂದು ಸಂದೇಶವೂ ಗುಂಪಿನಿಂದ ಗುಂಪಿಗೆ ಹಾರುತ್ತದೆ. ಹಕ್ಕು ಅನ್ನೋದು ಪಶ್ಚಿಮದಿಂದ ಬಂದ ಸರಕು, ನಮ್ಮ ಋಷಿಗಳು ಹೇಳಿದ್ದು ಕರ್ತವ್ಯ ಮಾತ್ರ, ಆದ್ದರಿಂದ ಕೇಳೋದನ್ನು ಬಿಡಿ, ಮಾಡೋದನ್ನು ಕಲಿಯಿರಿ ಅಂತ ಅದರ ಸಾರ. ಓದಿದವರು ಒಂದು ಕೈಮುಗಿಯುವ ಚಿತ್ರ ಹಾಕಿ ಮುಂದಕ್ಕೆ ತಳ್ಳುತ್ತಾರೆ.

ಇದು ಬರೀ ಫಾರ್ವರ್ಡ್ ಮಾತು ಅಂತ ನಗುವ ಹಾಗೂ ಇಲ್ಲ. ಧರ್ಮಶಾಸ್ತ್ರದ ಇತಿಹಾಸವನ್ನು ಐದು ಸಂಪುಟಗಳಲ್ಲಿ ಬರೆದು 1963ರಲ್ಲಿ ಭಾರತರತ್ನ ಪಡೆದ ಪಾಂಡುರಂಗ ವಾಮನ ಕಾಣೆ ಅವರಿಗೂ ಇದೇ ಕೊರಗಿತ್ತು. ನಮ್ಮ ಸಂವಿಧಾನ ಓದಿದ ಜನಕ್ಕೆ ತಮಗೆ ಹಕ್ಕುಗಳು ಮಾತ್ರ ಇವೆ, ಹೊಣೆ ಏನೂ ಇಲ್ಲ ಅನ್ನಿಸುತ್ತದೆ ಅಂತ ಅವರು ಬರೆದರು. 1947ರಲ್ಲಿ ಗಾಂಧೀಜಿ ಯುನೆಸ್ಕೋದ ಜೂಲಿಯನ್ ಹಕ್ಸ್‌ಲಿಗೆ ಬರೆದ ಪತ್ರದಲ್ಲೂ ಅದೇ ಧಾಟಿ. ಕರ್ತವ್ಯ ಮಾಡಿದವನಿಗೇ ಹಕ್ಕು ದಕ್ಕುತ್ತದೆ, ಇದನ್ನು ಓದು ಬಾರದ ನನ್ನ ತಾಯಿಯಿಂದ ಕಲಿತೆ ಅಂದರು. 2022ರ ಜನವರಿಯಲ್ಲಿ ಬ್ರಹ್ಮಕುಮಾರಿ ಸಂಸ್ಥೆಯ ಕಾರ್ಯಕ್ರಮದಲ್ಲಿ ಪ್ರಧಾನಿ ಮೋದಿ, 75 ವರ್ಷ ನಾವು ಹಕ್ಕುಗಳ ಮಾತಾಡುತ್ತಲೇ ಕಾಲ ಕಳೆದೆವು ಅನ್ನುವ ಅರ್ಥದಲ್ಲಿ ಹೇಳಿದರು. ಅದೇ ಸೆಪ್ಟೆಂಬರಿನಲ್ಲಿ ದೆಹಲಿಯ ರಾಜಪಥ ಕರ್ತವ್ಯ ಪಥವಾಯಿತು.

ಹಾಗಾದರೆ ಹಳೆಯ ಗ್ರಂಥಗಳು ನಿಜವಾಗಿ ಏನು ಹೇಳುತ್ತವೆ? ಅವು ಕರ್ತವ್ಯದ ಭಾಷೆಯಲ್ಲೇ ಮಾತಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕರ್ತವ್ಯದ ಹೊರೆ ಯಾರ ತಲೆ ಮೇಲೆ ಕೂತಿತ್ತು ಅನ್ನೋದನ್ನು ಈ ಸಂದೇಶ ಕಳಿಸುವವರು ಹೇಳೋದಿಲ್ಲ.

ಮೊದಲು ಪದದ ವಿಷಯ ಮುಗಿಸೋಣ. ಹಕ್ಕು ಅನ್ನೋ ಪದ ಅರಬ್ಬಿಯ 'ಹಕ್'ನಿಂದ ಬಂದದ್ದು ನಿಜ. ಹಾಗಂತ ಹಕ್ಕುಪತ್ರಕ್ಕಾಗಿ ತಾಲೂಕು ಕಚೇರಿ ಅಲೆಯುವ ರೈತನಿಗೆ ಅದು ಪರದೇಶದ ಪದ ಅನ್ನಿಸುತ್ತದೆಯೇ? ಹಿಂದಿಯವರು ಇದಕ್ಕೆ ಅಧಿಕಾರ್ ಅನ್ನುತ್ತಾರೆ. ನಮಗೆ ಅಧಿಕಾರ ಅಂದರೆ ಕುರ್ಚಿ, ದರ್ಪ, ಅಧಿಕಾರಿ. ಭಗವದ್ಗೀತೆಯ ಪ್ರಸಿದ್ಧ ಸಾಲಿನಲ್ಲಿ 'ಕರ್ಮಣ್ಯೇವಾಧಿಕಾರಸ್ತೇ' ಅಂದಾಗ ಆ ಪದ ಇವೆರಡಕ್ಕೂ ಪೂರ್ತಿ ಹೊಂದೋದಿಲ್ಲ. ಯಾವ ಕೆಲಸಕ್ಕೆ ಯಾರು ತಕ್ಕವರು ಅನ್ನುವ ಅರ್ಹತೆಯ ಮಾತದು. ಈ ಅರ್ಹತೆಯ ಮಾತೇ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು, ಅಲ್ಲಿಗೆ ಆಮೇಲೆ ಬರುತ್ತೇನೆ.

ಕರ್ತವ್ಯದ ಬೇರು ಇರೋದು 'ಋಣ'ದಲ್ಲಿ. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣ ಹುಟ್ಟುವಾಗಲೇ ಮೂರು ಸಾಲ ಹೊತ್ತು ಬರುತ್ತಾನೆ. ಋಷಿಗಳದ್ದು, ದೇವತೆಗಳದ್ದು, ಪಿತೃಗಳದ್ದು. ಓದಿ, ಯಜ್ಞ ಮಾಡಿ, ಮಕ್ಕಳನ್ನು ಪಡೆದು ತೀರಿಸಬೇಕು. ಶತಪಥ ಬ್ರಾಹ್ಮಣ ಇದಕ್ಕೆ ನಾಲ್ಕನೆಯದನ್ನು ಸೇರಿಸುತ್ತದೆ, ಮನುಷ್ಯರ ಋಣ. ಅದನ್ನು ತೀರಿಸೋದು ಬಂದವರಿಗೆ ಊಟ, ನೆಲೆ ಕೊಟ್ಟು. ಅದೂ ಬ್ರಾಹ್ಮಣನಿಗೆ ಮಾತ್ರ ಅಂತ ಅಲ್ಲಿ ಹೇಳಿಲ್ಲ, ಇರುವವರೆಲ್ಲ ಸಾಲಗಾರರೇ. ನಾವು ಇವತ್ತಿಗೂ 'ಅನ್ನದ ಋಣ', 'ಈ ಊರಿನ ಋಣ ತೀರಿತು' ಅಂತ ಮಾತಾಡುತ್ತೇವಲ್ಲ, ಆ ಮಾತಿನ ಬೇರು ಅಷ್ಟು ಹಳೆಯದು. ನನಗೆ ಇದು ತುಂಬ ಇಷ್ಟವಾದ ವಿಚಾರ, ಮುಚ್ಚಿಡೋದಿಲ್ಲ. ಹುಟ್ಟಿದ ತಕ್ಷಣ 'ನನಗೇನು ಬರಬೇಕು' ಅನ್ನುವ ಮೊದಲು 'ನಾನು ಯಾರಿಗೆ ಕೊಡಬೇಕು' ಅಂತ ಕೇಳಿಕೊಳ್ಳೋದರಲ್ಲಿ ಒಂದು ಘನತೆ ಇದೆ.

ಆದರೆ ಸಾಲ ಇದೆ ಅಂದಮೇಲೆ ಸಾಲ ಕೊಟ್ಟವನೂ ಇರಬೇಕಲ್ವಾ? ಮೊದಲ ಮೂರು ಸಾಲದವರು ಯಾರೂ ಬಾಗಿಲಿಗೆ ಬಂದು ಕೇಳೋದಿಲ್ಲ. ನಾಲ್ಕನೆಯವನು ಬರುತ್ತಾನೆ. ಹಸಿದವನು. ಅವನಿಗೆ ಬಾಯಿ ಇದೆ. ಆದರೆ ಕೊಡದೆ ಬಾಗಿಲು ಹಾಕಿದರೆ ಅವನು ಎಲ್ಲಿಗೆ ಹೋಗಬೇಕು? ನಿನಗೆ ಪಾಪ ಬರುತ್ತದೆ ಅಂತ ಗ್ರಂಥ ಮನೆಯೊಡೆಯನಿಗೆ ಹೇಳುತ್ತದೆ, ಅಷ್ಟೇ. ಹಸಿದವನಿಗೆ ಏನೂ ಹೇಳೋದಿಲ್ಲ.

ಕೆಲವು ಕಡೆ ಗ್ರಂಥಕಾರರು ಇದನ್ನು ಇನ್ನೂ ಹತ್ತಿರಕ್ಕೆ ತರುತ್ತಾರೆ. ಆಪಸ್ತಂಬ ಧರ್ಮಸೂತ್ರದಲ್ಲಿ ಒಂದು ನಿಯಮವಿದೆ. ಊಟ ಸಾಲದೆ ಹೋದರೆ ನಿನಗೆ ಕಡಿಮೆ ಮಾಡಿಕೋ, ಹೆಂಡತಿಗೆ ಕಡಿಮೆ ಮಾಡು, ಮಗನಿಗೂ ಮಾಡು, ಆದರೆ ನಿನ್ನ ಮನೆಯಲ್ಲಿ ದುಡಿಯುವ ದಾಸನಿಗೆ ಮಾತ್ರ ಕಡಿಮೆ ಮಾಡಬೇಡ. ಹೆಂಡತಿಯನ್ನು ಕೇಳಿದರೋ ಇಲ್ಲವೋ ಅನ್ನೋದು ಬೇರೆ ವಿಷಯ ಬಿಡಿ. ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸದವರಿಗೆ ಬೇರೆ ಲೋಟ, ಬೇರೆ ಲಿಫ್ಟ್ ಇಟ್ಟು ಸನಾತನದ ಮಾತಾಡುವವರು ಈ ಸೂತ್ರವನ್ನು ಫಾರ್ವರ್ಡ್ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಅರ್ಥಶಾಸ್ತ್ರಕ್ಕೆ ಬಂದರೆ ಮಾತು ಬದಲಾಗುತ್ತದೆ. ಕಳೆದುಹೋಯಿತು ಅಂದುಕೊಂಡಿದ್ದ ಈ ಗ್ರಂಥದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಇಲ್ಲಿ ಪಾಪ ಪುಣ್ಯದ ಮಾತು ಕಡಿಮೆ, ದಂಡದ ಮಾತು ಜಾಸ್ತಿ. ಶಕ್ತಿಯಿದ್ದೂ ಹೆಂಡತಿ ಮಕ್ಕಳನ್ನು, ತಂದೆ ತಾಯಿಯನ್ನು, ಚಿಕ್ಕ ತಮ್ಮಂದಿರನ್ನು, ಮದುವೆಯಾಗದ ಅಥವಾ ವಿಧವೆಯಾದ ಅಕ್ಕ ತಂಗಿಯರನ್ನು ಸಾಕದಿದ್ದರೆ 12 ಪಣ (ಆಗಿನ ನಾಣ್ಯ) ದಂಡ. ಹೆಂಡತಿ ಮಕ್ಕಳಿಗೆ ದಾರಿ ಮಾಡದೆ ಸನ್ಯಾಸ ತೆಗೆದುಕೊಂಡರೂ ದಂಡ. ಮೋಕ್ಷಕ್ಕೆ ಹೊರಟವನನ್ನು ನಿಲ್ಲಿಸಿ 'ಮನೆಗೆ ಅಕ್ಕಿ ಹಾಕಿಸಿದ್ದೀಯೇನಪ್ಪಾ' ಅಂತ ಕೇಳುವ ರಾಜ್ಯ ಅದು. ನ್ಯಾಯಾಧೀಶ ಕಕ್ಷಿದಾರನನ್ನು ಗದರಿಸಿದರೆ, ಬಾಯಿ ಮುಚ್ಚಿಸಿದರೆ, ಹೊರಗಟ್ಟಿದರೆ ನ್ಯಾಯಾಧೀಶನಿಗೇ ದಂಡ. ಒತ್ತೆಯಾಗಿ ಬಂದ ಆಳಿನ ಕೈಲಿ ಹೆಣ, ಮಲ, ಮೂತ್ರ, ಎಂಜಲು ಎತ್ತಿಸಿದರೆ ಒಡೆಯ ಕೊಟ್ಟ ಹಣ ಮುಳುಗಿತು.

ಇದನ್ನು ಓದಿ, ನೋಡಿ ಹಳೆಯ ಕಾಲದಲ್ಲಿ ಮಲ ಹೊರುವ ಪದ್ಧತಿಯೇ ಇರಲಿಲ್ಲ ಅಂತ ಹೊರಡಬೇಡಿ. ಎತ್ತಿಸುತ್ತಿದ್ದರು ಅಂತಲೇ ನಿಯಮ ಹುಟ್ಟಿದ್ದು. ಅದೇ ಅಧ್ಯಾಯ ಆರ್ಯನನ್ನು ದಾಸ ಮಾಡುವಂತಿಲ್ಲ, ಮ್ಲೇಚ್ಛರು ಮಕ್ಕಳನ್ನು ಮಾರಿದರೆ ತಪ್ಪಿಲ್ಲ ಅನ್ನುತ್ತದೆ. ಆದರೂ ಒಂದು ವ್ಯತ್ಯಾಸ ಗಮನಿಸಿ. ಇಲ್ಲಿ ಕರ್ತವ್ಯ ತಪ್ಪಿದರೆ ಈ ಲೋಕದಲ್ಲೇ, ದುಡ್ಡಿನಲ್ಲೇ ಏನೋ ಆಗುತ್ತದೆ. ಹಕ್ಕಿನ ಮೊದಲ ವಾಸನೆ ಅದು.

ಇನ್ನು ರಾಜ. ಹಳೆಯ ಗ್ರಂಥಗಳಲ್ಲಿ ಅತಿ ಹೆಚ್ಚು ಕರ್ತವ್ಯ ಹೇಳಿಸಿಕೊಂಡವನು ಅವನೇ. ಕಳುವಾದ ಮಾಲು ಸಿಗದಿದ್ದರೆ ರಾಜ ತನ್ನ ಬೊಕ್ಕಸದಿಂದ ತುಂಬಿಕೊಡಬೇಕು ಅಂತ ಅರ್ಥಶಾಸ್ತ್ರವೂ ಹೇಳುತ್ತದೆ, ಯಾಜ್ಞವಲ್ಕ್ಯ ಸ್ಮೃತಿಯೂ ಹೇಳುತ್ತದೆ. ಮನು ಕಳುವಿನ ಹಣವನ್ನು ಎಲ್ಲ ವರ್ಣದವರಿಗೂ ಕೊಡಿಸಬೇಕು ಅನ್ನುತ್ತಾನೆ. ಬೈಕ್ ಕಳೆದುಕೊಂಡು ಸ್ಟೇಷನ್ನಿಗೆ ಅಲೆದು ಕೊನೆಗೆ ಪತ್ತೆಯಾಗಲಿಲ್ಲ ಅನ್ನುವ 'ಸಿ ರಿಪೋರ್ಟ್' ಹಿಡಿದು ಬಂದವರು ಒಮ್ಮೆ ಇದನ್ನು ಓದಬೇಕು. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡ ಬೀಳುವ ತಪ್ಪಿಗೆ ರಾಜನಿಗೆ 1000 ಅನ್ನುತ್ತದೆ ಮನುಸ್ಮೃತಿಯ ಎಂಟನೇ ಅಧ್ಯಾಯ. ಮಹಾಭಾರತದ ಅನುಶಾಸನ ಪರ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಪಾಡುತ್ತೇನೆ ಅಂತ ಮಾತು ಕೊಟ್ಟು ಕಾಪಾಡದ ರಾಜನನ್ನು ಪ್ರಜೆಗಳು ಒಟ್ಟಾಗಿ ಹುಚ್ಚುನಾಯಿಯನ್ನು ಕೊಂದ ಹಾಗೆ ಕೊಲ್ಲಬೇಕು ಅನ್ನುತ್ತದೆ. ಇವತ್ತು ಯಾರಾದರೂ ಫೇಸ್‌ಬುಕ್ಕಿನಲ್ಲಿ ಇದನ್ನು ತಮ್ಮ ಮಾತಾಗಿ ಬರೆದರೆ ಸಂಜೆಯೊಳಗೆ ಎಫ್‌ಐಆರ್ ಆಗುತ್ತದೆ.

ಅಂದರೆ ಹಳೆಯ ಕರ್ತವ್ಯದ ಭಾಷೆ ಮೊದಲು ಮೇಲಿದ್ದವನ ಕಡೆಗೆ ಬೆರಳು ತೋರಿಸುತ್ತಿತ್ತು. ಇವತ್ತಿನ ಕರ್ತವ್ಯದ ಭಾಷೆ ಕೆಳಗಿದ್ದವನ ಕಡೆಗೆ ತೋರಿಸುತ್ತದೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ, ಹೇಳೋದಕ್ಕೆ ಆ ಪುಸ್ತಕಗಳೇ ಬಿಡೋದಿಲ್ಲ. ರಾಜನಿಗೆ ಸಾವಿರ ಪಟ್ಟು ದಂಡ ಹೇಳಿದ ಅದೇ ಎಂಟನೇ ಅಧ್ಯಾಯ, ದ್ವಿಜನನ್ನು, ಅಂದರೆ ಮೇಲಿನ ಮೂರು ವರ್ಣದವನನ್ನು, ಕೆಟ್ಟದಾಗಿ ಬೈದ ಶೂದ್ರನ ನಾಲಿಗೆ ಕತ್ತರಿಸಿ ಅನ್ನುತ್ತದೆ. ಬೇರೆಯವರಿಗೆ ಮರಣದಂಡನೆ ಇರುವ ಕಡೆ ಬ್ರಾಹ್ಮಣನಿಗೆ ತಲೆ ಬೋಳಿಸಿದರೆ ಸಾಕು ಅನ್ನುತ್ತದೆ. ಒಡೆಯನೇ ಬಿಟ್ಟರೂ ಶೂದ್ರನಿಗೆ ದಾಸ್ಯದಿಂದ ಬಿಡುಗಡೆ ಇಲ್ಲ, ಅದು ಅವನ ಹುಟ್ಟುಗುಣ ಅನ್ನುತ್ತದೆ. ಕಳ್ಳತನಕ್ಕೆ ಶೂದ್ರನಿಗಿಂತ ಬ್ರಾಹ್ಮಣನ ಪಾಪ ಎಷ್ಟೋ ಪಟ್ಟು ಹೆಚ್ಚು ಅನ್ನುವ ಶ್ಲೋಕವೂ ಅಲ್ಲೇ ಇದೆ. ಒಂದು ಪಕ್ಷದವರು ಈ ಶ್ಲೋಕವನ್ನಷ್ಟೇ ಕತ್ತರಿಸಿ ಪೋಸ್ಟ್ ಹಾಕುತ್ತಾರೆ, ಇನ್ನೊಂದು ಪಕ್ಷದವರು ನಾಲಿಗೆಯ ಶ್ಲೋಕ ಹಾಕುತ್ತಾರೆ, ಪೂರ್ತಿ ಅಧ್ಯಾಯ ಓದುವ ಕಷ್ಟ ಯಾರಿಗೂ ಬೇಡ.

ಇಬ್ಬರೂ ತೋರಿಸುವ ಶ್ಲೋಕಗಳು ನಿಜವೇ. ಕರ್ತವ್ಯವನ್ನು ಹುಟ್ಟಿಗೆ ಕಟ್ಟಿದ ಮೇಲೆ ಹೀಗಾಗದೆ ಇರೋದಿಲ್ಲ. ಪ್ರತಿಯೊಬ್ಬನಿಗೂ ಒಂದು ಕರ್ತವ್ಯ ಅನ್ನೋದು ಕೇಳೋಕೆ ಚೆಂದ. ಒಬ್ಬನ ಕರ್ತವ್ಯ ವೇದ ಓದೋದು, ಇನ್ನೊಬ್ಬನ ಕರ್ತವ್ಯ ಅವನ ಸೇವೆ ಮಾಡೋದು ಅಂದಾಗ ಎರಡನೆಯವನನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು, ಅದೇ ವರ್ಷ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿಯನ್ನು ಸುಡಲಾಯಿತು. ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಅಂತ ಮೊದಲೇ ನಿರ್ಣಯ ಮಾಡಿತ್ತು. ನೀರು ಕೊಡೋದು ಧರ್ಮ ಅಂತ ಸಾವಿರಾರು ವರ್ಷ ಹೇಳಿಕೊಂಡು ಬಂದ ಸಮಾಜದಲ್ಲಿ, ದಲಿತ ಕೈ ಮುಂದೆ ಮಾಡಿ ತಾನೇ ತೆಗೆದುಕೊಂಡಾಗ ಗಲಾಟೆಯಾಯಿತು.

ಈಗ ಅರ್ಹತೆಯ ಜಗಳಕ್ಕೆ ಬರೋಣ. ಯಜ್ಞ ಮಾಡೋಕೆ ಯಾರಿಗೆ ಅಧಿಕಾರ ಅನ್ನೋದನ್ನು ಜೈಮಿನಿಯ ಮೀಮಾಂಸಾ ಸೂತ್ರದ ಆರನೇ ಅಧ್ಯಾಯ ವಕೀಲರ ಹಾಗೆ ವಾದ ಮಾಡಿ ನೋಡುತ್ತದೆ. ಗಂಡಸರಿಗೆ ಮಾತ್ರ ಅಂತ ಐತಿಶಾಯನ ಅನ್ನುವವನ ವಾದ. ಸ್ವರ್ಗ ಬೇಕು ಅನ್ನುವ ಆಸೆ ಹೆಂಗಸಿಗೂ ಇದೆಯಲ್ಲ, ಅವಳನ್ನು ಯಾಕೆ ಬಿಡಬೇಕು ಅಂತ ಬಾದರಾಯಣನ ಪಕ್ಷ. ಜೈಮಿನಿ ಇದನ್ನು ಒಪ್ಪುತ್ತಾನೆ, ಗಂಡನ ಜೊತೆ ಕೂತು ಮಾಡಲಿ ಅನ್ನುತ್ತಾನೆ. ಶೂದ್ರನ ಪ್ರಶ್ನೆ ಬಂದಾಗ ಬಾದರಿ ಅನ್ನುವ ಆಚಾರ್ಯ 'ಸರ್ವಾಧಿಕಾರ' ಅಂದುಬಿಡುತ್ತಾನೆ, ಎಲ್ಲರಿಗೂ ಇದೆ ಅಂತ. ಆ ಪದವೇ ಅಲ್ಲಿದೆ! ಜೈಮಿನಿ ಅವನ ಮಾತನ್ನು ದಾಖಲಿಸಿ, ಆಮೇಲೆ ತಳ್ಳಿಹಾಕುತ್ತಾನೆ. ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯವೂ ಶೂದ್ರನಿಗೆ ವೇದಾಧಿಕಾರ ಇಲ್ಲ ಅಂತಲೇ ಮುಗಿಸುತ್ತದೆ. ಅಂದರೆ ಸಮಾನತೆ ಹೊರಗಿನಿಂದ ಬಂದದ್ದು ಅನ್ನೋದು ಸುಳ್ಳು. ಆ ವಾದ ಮಾಡಿದವನು ಒಳಗೇ ಇದ್ದ. ಸೋತ.

ಕಲ್ಯಾಣದ ಕಥೆ ಇದಕ್ಕಿಂತ ರುಚಿಯಾಗಿದೆ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯ ಆರನೇ ವಿಕ್ರಮಾದಿತ್ಯನ ರಾಜಧಾನಿ. ಅಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಮಿನ ಕಡೆ ಬಿಟ್ಟರೆ ಭಾರತದ ಬಹುಪಾಲು ಹಿಂದೂಗಳ ಆಸ್ತಿ ಕಾನೂನು ನಿಂತಿದ್ದು ಅದರ ಮೇಲೆ. ಕೋರ್ಟಿನಲ್ಲಿ ಪಾಲು ದಾವೆ ಹೂಡಿದ ಯಾರನ್ನಾದರೂ ಕೇಳಿ, ಮಿತಾಕ್ಷರ ಅನ್ನುವ ಪದ ಅವರ ಕಿವಿಗೆ ಬಿದ್ದಿರುತ್ತದೆ. ಅವನ ದೊಡ್ಡ ವಾದ ಏನಂದರೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಒಡೆತನ ಬರೋದು ಅಪ್ಪ ಸತ್ತಾಗ ಅಲ್ಲ, ಇವನು ಹುಟ್ಟಿದಾಗ. ಅಪ್ಪ ಕೊಡೋದೇನೂ ಇಲ್ಲ, ಅದು ಇವನದೇ. ಹುಟ್ಟಿದವರು, ಹುಟ್ಟಬೇಕಾದವರು, ಗರ್ಭದಲ್ಲಿರುವವರು ಎಲ್ಲರಿಗೂ ಬದುಕುವ ದಾರಿ ಬೇಕು, ಆದ್ದರಿಂದ ಮಾರಬೇಡ, ದಾನ ಕೊಡಬೇಡ ಅನ್ನುವ ಒಂದು ಹಳೆಯ ಮಾತನ್ನೂ ಅವನು ಸಾಕ್ಷಿಗೆ ತರುತ್ತಾನೆ. ಇದನ್ನು ಹಕ್ಕು ಅನ್ನದೆ ಇನ್ನೇನು ಅನ್ನಬೇಕು? ಹುಟ್ಟಿನಿಂದ ಬರುತ್ತದೆ, ಯಾರೂ ದಯಪಾಲಿಸೋದಲ್ಲ, ಕೊಡದಿದ್ದರೆ ದಾವೆ ಹೂಡಬಹುದು.

ಇನ್ನೊಂದು ಸಣ್ಣ ಚರ್ಚೆ ಅಲ್ಲಿದೆ, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಒಡೆತನ ಅನ್ನೋದು ಶಾಸ್ತ್ರದಿಂದ ಬಂದದ್ದೋ, ಲೋಕದಿಂದ ಬಂದದ್ದೋ? ಲೋಕದಿಂದಲೇ ಅನ್ನುತ್ತಾನೆ ವಿಜ್ಞಾನೇಶ್ವರ. ಯಾಕೆಂದರೆ ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಅನ್ನುತ್ತಾರೆ. ಒಂಬೈನೂರು ವರ್ಷದ ಹಿಂದೆ ಒಬ್ಬ ಶಾಸ್ತ್ರಕಾರ, 'ನನ್ನದು' ಅನ್ನೋಕೆ ಧರ್ಮಗ್ರಂಥದ ಅಪ್ಪಣೆ ಬೇಕಿಲ್ಲ ಅಂತ ಕಲ್ಯಾಣದಲ್ಲಿ ಕೂತು ಬರೆದ. ಕೆಲವು ದಶಕ ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಬಸವಣ್ಣನವರೂ ಶರಣರೂ, ಜೈಮಿನಿ ಯಾರಿಗೆ ಅಧಿಕಾರ ಇಲ್ಲ ಅಂದಿದ್ದನೋ ಅವರ ಕೈಗೇ ಲಿಂಗ ಕೊಟ್ಟರು. ಇವೆರಡಕ್ಕೂ ನೇರ ಸಂಬಂಧ ಕಟ್ಟೋಕೆ ನಾನು ಹೋಗೋದಿಲ್ಲ. ಆದರೆ ಒಂದೇ ಊರು ಅನ್ನೋದು ಮನಸ್ಸಿನಿಂದ ಹೋಗೋದೇ ಇಲ್ಲ.

ಸಂವಿಧಾನಕ್ಕೆ ವಾಪಸ್ ಬರೋಣ. ಅದರಲ್ಲಿ ಕರ್ತವ್ಯ ಇರಲಿಲ್ಲ ಅನ್ನುವ ದೂರು ಮೊದಲಿನಿಂದಲೂ ತಪ್ಪು. 1950ರಲ್ಲೇ ನಾಲ್ಕನೇ ಭಾಗ ಇತ್ತು, ರಾಜ್ಯನೀತಿಯ ನಿರ್ದೇಶಕ ತತ್ವಗಳು. ಅದು ಪೂರ್ತಿ ಕರ್ತವ್ಯದ ಪಟ್ಟಿಯೇ, ಆದರೆ ಸರ್ಕಾರದ ಕರ್ತವ್ಯದ ಪಟ್ಟಿ. ಹಳೆಯ ಮಾತಿನಲ್ಲಿ ಹೇಳಿದರೆ ರಾಜಧರ್ಮ. ಪ್ರಜೆಗಳ ಕರ್ತವ್ಯ ಬಂದಿದ್ದು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಸ್ವರಣ್ ಸಿಂಗ್ ಸಮಿತಿ ಸಲಹೆ ಕೊಟ್ಟಿತು, 51ಎ ವಿಧಿಯಲ್ಲಿ ಹತ್ತು ಕರ್ತವ್ಯ ಸೇರಿದವು. ತೆರಿಗೆ ಕಟ್ಟೋದನ್ನೂ ಸೇರಿಸಿ ಅಂತ ಸಮಿತಿ ಹೇಳಿತ್ತು, ಅದು ಮಾತ್ರ ಬಿಟ್ಟುಹೋಯಿತು! ಅದೇ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಜಬಲ್ಪುರ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿ ಇರುವಾಗ ಬಂಧಿತನಾದವನು ತನ್ನ ಜೀವದ ಹಕ್ಕಿಗಾಗಿ ಕೋರ್ಟಿಗೆ ಬರುವಂತಿಲ್ಲ ಅಂದಿತ್ತು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಒಂದೇ ವರ್ಷದಲ್ಲಿ ಪ್ರಜೆಯ ಕೇಳುವ ಬಾಯಿ ಮುಚ್ಚಿತು, ಪ್ರಜೆಗೆ ಮಾಡಬೇಕಾದ ಕೆಲಸದ ಪಟ್ಟಿ ಸಿಕ್ಕಿತು. ಇದನ್ನು ಋಷಿಗಳ ಪರಂಪರೆ ಅಂತ ಕರೆಯೋಕೆ ತುಂಬ ಧೈರ್ಯ ಬೇಕು. ಆ ಜಬಲ್ಪುರ ತೀರ್ಪನ್ನು ಕೋರ್ಟ್ ತಾನೇ ತಪ್ಪು ಅಂತ ಒಪ್ಪಿಕೊಂಡದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ.

ಸರ್ಕಾರದ ಕರ್ತವ್ಯಕ್ಕೂ ಹಳೆಯ ರೋಗವೇ ಇತ್ತು, ಕೇಳುವವನಿಗೆ ಬಾಯಿ ಇರಲಿಲ್ಲ. 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷದಲ್ಲಿ ಕೊಡಲು ಪ್ರಯತ್ನಿಸಬೇಕು ಅಂತ 45ನೇ ವಿಧಿ 1950ರಲ್ಲಿ ಹೇಳಿತು. 1960 ಬಂತು, ಹೋಯಿತು. ಕೋರ್ಟಿಗೆ ಹೋಗುವಂತಿರಲಿಲ್ಲ, ಯಾಕೆಂದರೆ ಇವು ಕೋರ್ಟಿನಲ್ಲಿ ಜಾರಿ ಮಾಡಿಸುವಂಥವಲ್ಲ ಅಂತ 37ನೇ ವಿಧಿ ಬರೆದಿಟ್ಟಿತ್ತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣ ಬಂತು, ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜುಗಳ ಶುಲ್ಕದ ವಿಷಯ. ಆಗ ಸುಪ್ರೀಂ ಕೋರ್ಟ್ ಶಿಕ್ಷಣ ಒಂದು ಹಕ್ಕು ಅಂದಿತು, ಮರುವರ್ಷ ಅದನ್ನು 14 ವರ್ಷದವರೆಗೆ ಅಂತ ಸೀಮಿತಗೊಳಿಸಿತು. 2002ರಲ್ಲಿ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡುವ 21ಎ ವಿಧಿ ತಂದಿತು, ಜೊತೆಗೆ ಮಕ್ಕಳನ್ನು ಓದಿಸುವ ಹನ್ನೊಂದನೇ ಕರ್ತವ್ಯವನ್ನು ಅಪ್ಪ ಅಮ್ಮಂದಿರಿಗೆ ಹಾಕಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಹತ್ತು ವರ್ಷದ ಮಾತಿಗೆ ಅರವತ್ತು ವರ್ಷ ಹಿಡಿಯಿತು. ಕರ್ತವ್ಯ ಅಂತ ಬರೆದಿದ್ದು ಹಕ್ಕು ಅಂತ ಬದಲಾದ ಮೇಲೆ ತಾನೇ ಕೂಲಿಯವನೊಬ್ಬ ಮಗುವಿನ ಕೈ ಹಿಡಿದು ಶಾಲೆಯ ಬಾಗಿಲಲ್ಲಿ 'ಕೊಡಿ' ಅನ್ನುವಂತಾಗಿದ್ದು?

ಇಷ್ಟು ಹೇಳಿದ ಮೇಲೆ ವಿಜ್ಞಾನೇಶ್ವರನ ಸಾಲದ ಬಾಕಿಯೊಂದು ಉಳಿಯುತ್ತದೆ. ಹೆಂಗಸರ ವಿಷಯದಲ್ಲಿ ಅವನು ತನ್ನ ಕಾಲಕ್ಕೆ ಉದಾರಿಯೇ. ಪಾಲಾಗಿದ್ದ, ಗಂಡುಮಕ್ಕಳಿಲ್ಲದ ಗಂಡನ ಆಸ್ತಿ ಮೊದಲು ಹೆಂಡತಿಗೆ ಅಂದ. ಸ್ತ್ರೀಧನದ, ಅಂದರೆ ಹೆಣ್ಣಿನ ಸ್ವಂತ ಆಸ್ತಿಯ, ಅರ್ಥವನ್ನೂ ಹಿಗ್ಗಿಸಿದ. ಆದರೆ ಹುಟ್ಟಿನಿಂದ ಬರುವ ಆ ಒಡೆತನವನ್ನು ಮಗಳಿಗೆ ಕೊಡಲಿಲ್ಲ. ಅದು ಕರ್ನಾಟಕದ ಮಗಳಿಗೆ ಸಿಕ್ಕಿದ್ದು 1994ರ ಜುಲೈ 30ಕ್ಕೆ, ಅದೂ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಬಿಟ್ಟು. ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ 2005ರ ಸೆಪ್ಟೆಂಬರ್ 9ಕ್ಕೆ. ಅಪ್ಪ ಆ ದಿನ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 2020ರ ಆಗಸ್ಟ್ 11ಕ್ಕೆ.

ಈಗ ಯಾವುದಾದರೂ ಉಪನೋಂದಣಿ ಕಚೇರಿಯ ಮುಂದೆ ಅರ್ಧ ದಿನ ಸುಮ್ನೆ ಕೂತು ನೋಡಿ. ಅಣ್ಣತಮ್ಮಂದಿರು ಕಾರಿನಲ್ಲಿ ಅಕ್ಕನನ್ನು ಕರೆದುಕೊಂಡು ಬರುತ್ತಾರೆ. ಹಕ್ಕು ಬಿಡುಗಡೆ ಪತ್ರ ಮೊದಲೇ ಟೈಪ್ ಆಗಿರುತ್ತದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಹಬ್ಬಕ್ಕೆ ಅರಿಶಿನ ಕುಂಕುಮ ಕೊಡೋರು ಇರೋದಿಲ್ಲ, ಅಣ್ಣನ ಮನೆ ಚೆನ್ನಾಗಿರಲಿ ಅನ್ನೋದು ಹೆಣ್ಣುಮಗಳ ಕರ್ತವ್ಯ ಅಂತ ದಾರಿಯುದ್ದಕ್ಕೂ ಹೇಳಿಯಾಗಿರುತ್ತದೆ. ಅಣ್ಣನ ಕರ್ತವ್ಯದ ಮಾತು ಬರೋ ಹೊತ್ತಿಗೆ ಇವಳ ಹೆಬ್ಬೆಟ್ಟು ಯಂತ್ರದ ಮೇಲೆ ಬಿದ್ದಾಗಿರುತ್ತದೆ.